ಸಿಂಬೆ ಹೊಲಿದ ಟೋಪಿ

ನನ್ನ ತಮ್ಮ ತಿಪ್ಪೇಶನ ಗಣಿ ಟೋಪಿಯೊಳಗಿನ ಪಟ್ಟಿಗಳನ್ನು ಕಿತ್ತು ಹಾಕಿದವಳು ನಾನು. ಈ ಒಂದು ವಾಕ್ಯ ಹೇಳುವುದಕ್ಕೆ ನನಗೆ ಹನ್ನೆರಡು ವರ್ಷ ಬೇಕಾಯಿತು. ಕಿತ್ತದ್ದು ದಡ್ಡತನ. ದಡ್ಡತನಕ್ಕೆ ದೇವರ ಹತ್ತಿರವೂ ಒಂದಿಷ್ಟು ರಿಯಾಯಿತಿ ಇರುತ್ತದೆ. ಆದರೆ ಒಬ್ಬ ಅಧಿಕಾರಿ ಆಸ್ಪತ್ರೆಯ ಮಂಚದ ಪಕ್ಕ ನಿಂತು, "ಇದನ್ನ ಕಿತ್ತೋರು ಯಾರು?" ಎಂದು ಕೇಳಿದಾಗ, ಊಟದ ಕ್ಯಾರಿಯರ್ ಹಿಡಿದುಕೊಂಡು ಅಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ನಮ್ಮೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ನಾನು ಬಾಯಿ ಬಿಡದೆ ಇದ್ದ ಸಂದರ್ಭ ಅದೊಂದೇ.

ಆ ಟೋಪಿ ಈಗಲೂ ನಮ್ಮ ಹಿತ್ತಲಿನಲ್ಲಿದೆ. ಅಲ್ಯುಮಿನಿಯಂ ಟೋಪಿ, ಸುತ್ತ ಅಂಚು ಇರುವಂಥದ್ದು. ಅದನ್ನು ಅಂಗಾತ ಇಟ್ಟು ಕೋಳಿಗಳಿಗೆ ನೀರು ಹಾಕುತ್ತೇನೆ. ನೆಟ್ಟಗಿರುವ ಟೋಪಿಯನ್ನು ಹಾಗೆ ಇಟ್ಟರೆ ತೊಟ್ಟಿಲಿನಂತೆ ಓಲಾಡುತ್ತದೆ. ಇದು ಮಾತ್ರ ನೆತ್ತಿಯಲ್ಲಿ ತಗ್ಗು ಬಿದ್ದಿರುವುದರಿಂದ ಅಲುಗಾಡದೆ ಕೂರುತ್ತದೆ. ಕೋಳಿ ನೀರು ಕುಡಿಯುವುದನ್ನು ನೀವು ನೋಡಿರುತ್ತೀರಿ. ಒಂದೊಂದು ಗುಟುಕಿಗೂ ತಲೆ ಎತ್ತುತ್ತದೆ. ಬೇರೆಯವರ ಮನೆಯ ಕೋಳಿಗಳು ಆಕಾಶ ನೋಡುತ್ತವಂತೆ. ನಮ್ಮ ಮನೆಯವು ನನ್ನನ್ನೇ ನೋಡುತ್ತವೆ.

ತಿಪ್ಪೇಶನ ತಲೆಯ ಜವಾಬ್ದಾರಿ ನನಗೆ ಬಂದದ್ದು ನನ್ನ ಎಂಟನೇ ವಯಸ್ಸಿನಲ್ಲಿ. ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ಕುರಿ ಸಾಕುವ ಮನೆ. ಅವ್ವ ಬಾಣಂತನ ಮುಗಿಸಿ ಕುರಿ ಹಿಂದೆ ಹೊರಟ ದಿನ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, ಅದರ ನೆತ್ತಿಯ ಮೇಲೆ ನನ್ನ ಬೆರಳಿಟ್ಟಳು. ಅಲ್ಲಿ ಚರ್ಮದ ಕೆಳಗೆ ಏನೋ ಮೆತ್ತಗೆ ಬಡಿದುಕೊಳ್ಳುತ್ತಿತ್ತು.

"ನೋಡೇ, ನೆತ್ತಿ ಇನ್ನೂ ಕೂಡಿಲ್ಲ. ಇಲ್ಲಿ ಏನೂ ತಾಕಬಾರದು. ಹರಳೆಣ್ಣೆ ಹಚ್ಚು, ಕಾಯ್ಕೊಂಡು ಕುಂತ್ಕ."

ನಾನು ಕಾಯ್ದೆ. ಮಧ್ಯಾಹ್ನದ ಹೊತ್ತಿಗೆ ಕಾಗೆಯೊಂದು ತಲೆಯ ಮೇಲೆ ಹಾರಿತು. ಆಮೇಲೆ ಗಾಳಿಗೆ ತೆಂಗಿನ ಗರಿ ಅಲ್ಲಾಡಿತು. ನಮ್ಮ ಹಟ್ಟಿಯ ಸುತ್ತ ತೆಂಗಿನ ಮರಗಳೇ. ಇಷ್ಟೊಂದು ಅಪಾಯಗಳ ನಡುವೆ ಕೂಸನ್ನು ಬರಿ ತಲೆಯಲ್ಲಿ ಬಿಡುವುದೇ? ಒಳಗೆ ಹೋಗಿ ದೊಡ್ಡದೊಂದು ತೆಂಗಿನ ಚಿಪ್ಪು ತಂದು, ಅದನ್ನು ಅವನ ನೆತ್ತಿಯ ಮೇಲೆ ಬೋರಲು ಹಾಕಿ, ಗಲ್ಲದ ಕೆಳಗಿಂದ ಬಟ್ಟೆಯ ಚಿಂದಿ ಕಟ್ಟಿದೆ. ಸಂಜೆ ಅವ್ವ ಬಂದಾಗ ಕೂಸು ಕಿರುಚಿ ಕಿರುಚಿ ನೀಲಿಯಾಗಿತ್ತು. ಅಕ್ಕಪಕ್ಕದ ಹೆಂಗಸರೆಲ್ಲ ನೆರೆದು ನಗುತ್ತಿದ್ದರು. ಅವ್ವ ಅದೇ ಚಿಪ್ಪು ತೆಗೆದುಕೊಂಡು ನನ್ನ ತಲೆಗೆ ಕುಟ್ಟಿದಳು. ತಲೆ ಕಾಯುವ ವಿಚಾರದಲ್ಲಿ ನನ್ನ ಬುದ್ಧಿ ಹೇಗೆ ಓಡುತ್ತದೆ ಎಂಬುದು ಅವತ್ತೇ ಎಲ್ಲರಿಗೂ ತಿಳಿಯಬೇಕಿತ್ತು.

ಶಾಲೆ ಬಿಟ್ಟದ್ದೂ ಅವನಿಂದಲೇ. ಮೇಷ್ಟ್ರು ಒಳ್ಳೆಯವರು, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು ಕೂರು ಎನ್ನುತ್ತಿದ್ದರು. ಆದರೆ ಐದರ ಮಗ್ಗಿ ಮುಗಿದು ಆರರದು ಶುರುವಾದ ಕೂಡಲೇ ತಿಪ್ಪೇಶ ಅಳುತ್ತಿದ್ದ. ನಾನು ಎತ್ತಿಕೊಂಡು ಹೊರಗೆ ಬರುತ್ತಿದ್ದೆ. ಹೀಗಾಗಿ ಆರರ ಮಗ್ಗಿ ನನಗೆ ಇವತ್ತಿಗೂ ಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟೆ. ಈಗ ನಮ್ಮ ಮಹಿಳಾ ಸಂಘದ ನಡಾವಳಿ ಪುಸ್ತಕ ಬರೆಯುವವಳು ನಾನೇ ಆದ್ದರಿಂದ ಕೈಗೆ ಅಕ್ಷರ ಉಳಿದಿದೆ. ಯಾವ ಸದಸ್ಯೆ ಏನು ಹೇಳಿದಳು, ಅದಕ್ಕೆ ಇನ್ನೊಬ್ಬಳು ಏನೆಂದಳು ಎಂದು ಚಾಚೂ ತಪ್ಪದೆ ಬರೆಯುತ್ತೇನೆ. ಊರವರ ಮಾತಿನಲ್ಲಿ ನನಗಿರುವ ಈ ಪ್ರಾಮಾಣಿಕತೆ ನನ್ನ ಸ್ವಂತ ಮಾತಿಗೆ ಬಂದಾಗ ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ಶಾಲೆ ಬಿಟ್ಟ ಮೇಲೆ ನನ್ನ ತಲೆಗೆ ಬೇರೆ ಕೆಲಸ ಸಿಕ್ಕಿತು. ನೀರು ಹೊರುವುದು. ಕೊಡದ ಮೇಲೆ ಬಿಂದಿಗೆ, ಅದರ ಮೇಲೆ ತಂಬಿಗೆ. ಇಷ್ಟನ್ನು ಕೈ ಬಿಟ್ಟು ಹೊತ್ತುಕೊಂಡು ಬರಬೇಕಾದರೆ ತಲೆ ಮತ್ತು ಕೊಡದ ನಡುವೆ ಒಂದು ಒಳ್ಳೆಯ ಸಿಂಬೆ ಬೇಕು. ಹಳೆಯ ಸೀರೆಯನ್ನು ಹುರಿ ಮಾಡಿ, ಬಳೆಯ ಹಾಗೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದರೆ ಸಿಂಬೆ ಆಯಿತು ಎಂದುಕೊಳ್ಳುವವರು ಇದ್ದಾರೆ. ಅಂಥವರ ಕೊಡ ಅರ್ಧ ದಾರಿಯಲ್ಲಿ ವಾಲುತ್ತದೆ. ಅಂಚಿನ ಜರಿ ಒಳಗೆ ಹೋಗಬೇಕು, ಒಡಲಿನ ಮೆತ್ತನೆ ಭಾಗ ಹೊರಗೆ ಬರಬೇಕು, ನಡುವೆ ಒಂದು ಹಿಡಿ ತೆಂಗಿನ ನಾರು ಇರಬೇಕು. ನಾನು ಮಾಡಿದ ಸಿಂಬೆ ಆಚೆ ಕೇರಿಯವರೂ ಕೇಳಿ ಒಯ್ಯುತ್ತಿದ್ದರು. ಮದುವೆಯಾಗಿ ಅದೇ ಊರಿನಲ್ಲಿ ಎರಡು ಬೀದಿ ಆಚೆಗೆ ಬಂದ ಮೇಲೂ ಆ ಹೆಸರು ಉಳಿಯಿತು. ತಲೆಯ ಮೇಲೆ ಏನು ಇಡಬೇಕು ಎಂಬ ವಿಚಾರದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂದು ನಾನು ನಂಬಿದ್ದೆ. ಅಪಾಯವೆಲ್ಲ ಈ ನಂಬಿಕೆಯಲ್ಲೇ ಇತ್ತು.

ತಿಪ್ಪೇಶ ದೊಡ್ಡವನಾಗಿ ಹೊಳಲ್ಕೆರೆ ಕಡೆಯ ಗುಡ್ಡದಲ್ಲಿದ್ದ ಒಂದು ಅದಿರಿನ ಗಣಿಗೆ ಸೇರಿದ. ಅಲ್ಲಿ ಆಗಲೇ ಎಲ್ಲರಿಗೂ ಪ್ಲಾಸ್ಟಿಕ್ ಟೋಪಿ ಬಂದಿತ್ತು. ಕೆಲಸ ಬಿಟ್ಟು ಹೊರಟಿದ್ದ ಒಬ್ಬ ಹಳೇ ಮೇಸ್ತ್ರಿ ಮಾತ್ರ ತನ್ನ ಅಲ್ಯುಮಿನಿಯಂ ಟೋಪಿಯನ್ನು ಇವನಿಗೆ ಕೊಟ್ಟು, "ಪ್ಲಾಸ್ಟಿಕ್ಕು ಬಿಸಿಲಿಗೆ ಸೀಳ್ತೈತೆ ಕಣಪ್ಪ. ಇದು ನಿನ್ನ ಮಗನ ಕಾಲಕ್ಕೂ ಬರ್ತೈತೆ" ಎಂದನಂತೆ. ಕರೆಂಟಿನ ತಂತಿ ಇರುವ ಕಡೆ ಲೋಹದ ಟೋಪಿ ಹಾಕಬಾರದು ಎಂದು ನಿಯಮ. ಇವನ ಕೆಲಸದ ಜಾಗದಲ್ಲಿ ತಂತಿ ಇರಲಿಲ್ಲ. ಸೇಫ್ಟಿ ಆಫೀಸರು ಟೋಪಿಯ ಒಳಗೆ ಹೊರಗೆ ನೋಡಿ, ಹಾಕಿಕೋ ಎಂದರು.

ಆ ಟೋಪಿ ಊರಿಗೆ ಬಂದ ದಿನ ನೀವು ನೋಡಬೇಕಿತ್ತು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ತಿಪ್ಪೇಶ ಹೊಸದುರ್ಗದ ಸಂತೆಗೂ ಅದನ್ನೇ ಹಾಕಿಕೊಂಡು ಹೋದ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಬೆರಳಲ್ಲಿ ಕುಟ್ಟಿ ಸದ್ದು ನೋಡುತ್ತಿದ್ದರು. ರಜೆಯ ದಿನ ಬಂತೆಂದರೆ ಟೋಪಿಗೆ ಬೇರೆ ಬೇರೆ ಕೆಲಸ ಹತ್ತುತ್ತಿತ್ತು. ಅವ್ವ ಅದರಲ್ಲಿ ರಾಗಿ ಅಳೆದು, ಸರಿಯಾಗಿ ಎರಡು ಸೇರು ಹಿಡಿಯುತ್ತದೆ ಎಂದು ತೀರ್ಮಾನ ಕೊಟ್ಟಳು. ಬೆಕ್ಕು ಬಾಯಿ ಹಾಕದಂತೆ ಮೊಸರಿನ ಗಡಿಗೆಗೆ ಮುಚ್ಚಿದಳು. ನಮ್ಮ ಮನೆಯವರು ರಂಗಪ್ಪ ಅಂತ. ಅವರು ಭಾರಿ ಧೈರ್ಯಸ್ಥರು, ಆದರೆ ತೆಂಗಿನಕಾಯಿಗೆ ಮಾತ್ರ ಹೆದರುತ್ತಾರೆ. ತೋಟಕ್ಕೆ ಹೋಗುವಾಗಲೆಲ್ಲ ಬಾಮೈದನ ಮನೆಗೆ ಹೋಗಿ ಟೋಪಿ ಕೇಳಿ ತರುತ್ತಿದ್ದರು.

ಒಂದು ದಿನ ತಿಪ್ಪೇಶ ನಮ್ಮ ಮನೆಯ ಜಗಲಿಯ ಮೇಲೆ ಕೂತು ತಲೆ ಕೆರೆದುಕೊಳ್ಳುತ್ತಿದ್ದ.

"ಏನಲೇ, ಹೇನಾಗ್ಯಾವಾ?"

"ಹೇನಲ್ಲಕ್ಕ. ಈ ಟೋಪಿ ಒಳಗೆ ಪಟ್ಟಿ ಅವೆ ನೋಡು, ಅವು ಒತ್ತಿ ಒತ್ತಿ ತಲಿಯೆಲ್ಲ ಬರೆ ಬಿದ್ದೈತೆ. ಬ್ಯಾಸಗೇಲಿ ತಲೆ ಮೇಲೆ ರೊಟ್ಟಿ ಹಂಚು ಇಟ್ಕಂಡಂಗಾಗ್ತೈತೆ."

"ತಾ ಇಲ್ಲಿ."

ತೆಗೆದುಕೊಂಡು ಒಳಗೆ ನೋಡಿದೆ. ಜೇಡನ ಬಲೆಯ ಹಾಗೆ ನಾಲ್ಕಾರು ಪಟ್ಟಿಗಳು ಅಡ್ಡಡ್ಡ ಹಾಯ್ದಿದ್ದವು. ತಲೆ ಆ ಪಟ್ಟಿಗಳ ಮೇಲೆ ನಿಲ್ಲುತ್ತಿತ್ತು. ಪಟ್ಟಿಗೂ ಲೋಹಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗ ಖಾಲಿ. ನನಗೆ ಸಿಟ್ಟು ಬಂತು. ಟೋಪಿ ಮಾಡಿದವರು ಜಿಪುಣತನ ಮಾಡಿದ್ದಾರೆ, ತುಂಬಬೇಕಾದ್ದನ್ನು ತುಂಬದೆ ಹಾಗೇ ಕಳಿಸಿದ್ದಾರೆ ಅನ್ನಿಸಿತು. ಕೊಡ ಹೊತ್ತ ಯಾವ ಹೆಂಗಸನ್ನಾದರೂ ಕೇಳಿ, ತಲೆಗೂ ಕೊಡಕ್ಕೂ ನಡುವೆ ಖಾಲಿ ಬಿಡುತ್ತಾರೆಯೇ?

"ಲೇ ತಿಪ್ಪ, ಇದನ್ನ ಮಾಡಿದೋರು ಗಂಡಸರು ಕಣಲೇ. ಒಂದು ದಿನ ನೀರು ಹೊತ್ತಿಲ್ಲ ಅವರು. ಇಟ್ಟೋಗು, ನಾಳೆ ಬಾ."

ಮನೆಯವರ ಕೈಗೆ ಇಕ್ಕಳ ಕೊಟ್ಟು ಪಟ್ಟಿಗಳನ್ನು ಕೀಳಿಸಿದೆ. ಟ್ರಂಕಿನಿಂದ ಒಂದು ಹಳೆಯ ಸೀರೆ ತೆಗೆದೆ. ನೀಲಿಯ ಮೇಲೆ ಹಳದಿ ಚುಕ್ಕಿ ಇದ್ದ ಸೀರೆ, ಮೈಗೆ ಬೆಣ್ಣೆಯ ಹಾಗೆ ಇತ್ತು. ನಾರು ತುಂಬಿ, ನನ್ನ ಜೀವಮಾನದ ಅತ್ಯುತ್ತಮ ಸಿಂಬೆ ಸುತ್ತಿದೆ. ಅದನ್ನು ಟೋಪಿಯ ನೆತ್ತಿಗೆ ಒತ್ತಿ ಕೂರಿಸಿ, ಪಟ್ಟಿ ಕಿತ್ತ ತೂತುಗಳಲ್ಲೇ ದಬ್ಬಣ ಹಾಯಿಸಿ, ಗೋಣಿ ದಾರದಲ್ಲಿ ಬಿಗಿಯಾಗಿ ಹೊಲಿದೆ. ಒಳಗೆ ಒಂದು ಕೂದಲು ಹೋಗುವಷ್ಟೂ ಜಾಗ ಉಳಿಯಲಿಲ್ಲ.

ಆದರೆ ನಾನು ಪರೀಕ್ಷೆ ಮಾಡದೆ ಯಾವುದನ್ನೂ ಕೊಡುವವಳಲ್ಲ. ಟೋಪಿಯನ್ನು ನನ್ನ ತಲೆಗೆ ಹಾಕಿಕೊಂಡು ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತೆ.

"ರೀ, ಒನಕೆ ತಗಂಡು ಬರ್ರಿ. ಇದರ ಮೇಲೆ ಒಂದು ಏಟು ಹಾಕ್ರಿ."

ಅವರು ಒನಕೆ ತಂದರು. ತಂದು ಅದನ್ನೇ ಊರಿಕೊಂಡು ನಿಂತರು.

"ನಿನ್ನ ತಲೆ ಮೇಲಾ?"

"ಮತ್ತಿನ್ಯಾರ ತಲೆ ಮೇಲೆ? ಟೋಪಿ ಹಾಕ್ಕಂಡಿರೋಳು ನಾನಲ್ವಾ?"

"ಬ್ಯಾಡ ಕಣೇ. ಬೀದೀಲಿ ಹೋಗೋರು ನೋಡಿದ್ರೆ, ರಂಗಪ್ಪ ಹೆಂಡ್ತೀನ ಒನಕೇಲಿ ಹೊಡ್ದ ಅಂತಾರೆ."

"ನಾನೇ ಹೊಡೀರಿ ಅಂತಿದೀನಿ. ಹೊಡೀರಿ."

"ಹದಿನೆಂಟು ವರ್ಷದಾಗೆ ನಿನ್ನ ಎದುರಿಗೆ ದನಿ ಎತ್ತಿದೋನಲ್ಲ ನಾನು. ಇದ್ದಕ್ಕಿದ್ದಂಗೆ ಒನಕೆ ಎತ್ತು ಅಂದ್ರೆ ಹೆಂಗೆ?"

"ಎತ್ತುತೀರೋ ಇಲ್ವೋ?"

ಎತ್ತಿದರು. ಕಣ್ಣು ಮುಚ್ಚಿಕೊಂಡರು. ಹೊಸದಾಗಿ ಮದುವೆಯಾದವರು ದೇವಸ್ಥಾನದ ಗಂಟೆ ಮುಟ್ಟುವ ಹಾಗೆ ಮುಟ್ಟಿದರು. 'ಟಿಣ್' ಎಂದಿತು.

"ಏನಾತು?" ಎಂದು ಕೇಳಿದರು, ಇನ್ನೂ ಕಣ್ಣು ತೆರೆಯದೆ.

"ಏನೂ ಆಗ್ಲಿಲ್ಲ. ನೋವೇ ಇಲ್ಲ!" ಎಂದೆ. ಟೋಪಿ ಪಾಸಾಯಿತು.

ಗುಡ್ಡದ ಕಲ್ಲಿಗೆ ನನ್ನ ಹೆದರಿಕೆ ಇರುವುದಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮರುದಿನ ತಿಪ್ಪೇಶ ಹಾಕಿಕೊಂಡು ನೋಡಿ, "ಅಯ್ಯೋ ಅಕ್ಕ, ಹತ್ತಿ ದಿಂಬು ಇದ್ದಂಗೈತಲ್ಲೇ!" ಎಂದ. ನಾನು ಆ ಮಾತನ್ನು ನೀರಿನ ಹತ್ತಿರ, ಅಂಗಡಿಯ ಹತ್ತಿರ, ಹಾಲಿನ ಡೈರಿಯ ಹತ್ತಿರ ಹೇಳಿ ಬಂದೆ. ಗಣಿಗೆ ಹೋಗುವ ಇನ್ನೂ ಇಬ್ಬರ ಮನೆಯವರು ತಮಗೂ ಹೊಲಿದುಕೊಡು ಎಂದರು. ಹಳೇ ಸೀರೆ ನೀವೇ ತರಬೇಕು ಎಂದು ಷರತ್ತು ಹಾಕಿದೆ. ಅವರು ಸೀರೆ ಹುಡುಕುತ್ತಿರುವಾಗಲೇ ಸುದ್ದಿ ಬಂತು. ದೇವರು ದೊಡ್ಡವನು, ಅವರ ಟ್ರಂಕಿನಲ್ಲಿ ಸೀರೆ ಬೇಗ ಸಿಗಲಿಲ್ಲ.

ಒಂಬತ್ತು ದಿನ ಹಾಕಿದ್ದ. ಹತ್ತನೆಯ ದಿನ, ಅದಿರು ಸಾಗಿಸುವ ಬೆಲ್ಟಿನ ಕೆಳಗೆ ನಿಂತಿದ್ದಾಗ ಮೇಲಿಂದ ಮುಷ್ಟಿ ಗಾತ್ರದ ಒಂದು ಹೆಂಟೆ ಜಾರಿ ಬಿತ್ತು. ಅದಿರಿನ ಹೆಂಟೆ ಎಂದರೆ ಮಣ್ಣಿನದಲ್ಲ, ಕಬ್ಬಿಣದ್ದೇ ಅನ್ನಿ. ಟೋಪಿ ತಗ್ಗಾಯಿತು. ಒಳಗೆ ಜಾಗವಿಲ್ಲದಂತೆ ನಾನು ತುಂಬಿದ್ದೆನಲ್ಲ, ಏಟು ಎಲ್ಲೂ ನಿಲ್ಲದೆ ನೇರ ತಲೆಗೆ ಹೋಗಿ, ತಲೆಯಿಂದ ಕುತ್ತಿಗೆಗೆ ಇಳಿಯಿತು.

ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದ್ದರು. ನಾನು ಹೋದಾಗ ನೆತ್ತಿಗೆ ಹೊಲಿಗೆ ಹಾಕಿ, ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿ ಮಲಗಿಸಿದ್ದರು. ಜೀವಕ್ಕೆ ಏನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ಕಾಲು ನೆಲ ಕಂಡವು. ಆ ಹೊತ್ತಿಗೆ ಸೇಫ್ಟಿ ಆಫೀಸರು ಬಂದರು. ಕೈಯಲ್ಲಿ ಟೋಪಿ ಇತ್ತು. ಅವರು ಅದನ್ನು ತಿರುಗಿಸಿ ಒಳಗೆ ನೋಡಿದರು, ತಿಪ್ಪೇಶನನ್ನು ನೋಡಿದರು, ಮತ್ತೆ ಒಳಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬಾರಮ್ಮ ಇಲ್ಲಿ. ನೀವು ಹೆಣ್ಣುಮಕ್ಕಳು, ನಿಮಗೆ ಬೇಗ ಅರ್ಥ ಆಗ್ತದೆ. ಇದೇನು ಹೇಳು?"

"ಸಿಂಬಿ ಸಾರ್," ಎಂದೆ.

"ಹಾಂ. ಸಿಂಬಿ ಯಾತಕ್ಕೆ? ಹೊರೋ ಭಾರಕ್ಕೆ. ಕೊಡ ತಲೆ ಮೇಲೆ ಕೂತಿರ್ತದೆ, ಬೀಳೋದಿಲ್ಲ. ಟೋಪಿ ಇರೋದು ಬೀಳೋ ಭಾರಕ್ಕೆ. ಇದರೊಳಗೆ ಪಟ್ಟಿ ಇದ್ದವು. ಮೇಲಿಂದ ಏಟು ಬಿದ್ರೆ ಟೋಪಿ ತಗ್ಗಾಗ್ತದೆ, ಪಟ್ಟಿ ಜಗ್ಗಾಡ್ತವೆ, ಏಟು ಅಲ್ಲೇ ಸಾಯ್ತದೆ. ತಲೆಗೆ ಮುಟ್ಟೋದೇ ಇಲ್ಲ. ಆ ಎರಡು ಬೆರಳು ಖಾಲಿ ಜಾಗ ಐತಲ್ಲ, ತಲೆ ಕಾಯೋದೇ ಅದು. ಅದನ್ನೇ ತುಂಬಿಬಿಟ್ರೆ, ತಲೆ ಮೇಲೆ ಚೆಂಬು ಬೋರಲು ಹಾಕ್ಕೊಂಡಂಗೆ. ಅರ್ಥ ಆಯ್ತೇನಮ್ಮ?"

ಆಯಿತು. ಜೀವನದಲ್ಲಿ ಯಾವ ಪಾಠವೂ ನನಗೆ ಅಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

"ಇದನ್ನ ಕಿತ್ತೋರು ಯಾರು?" ಎಂದರು ಆಫೀಸರು.

ಆಗ ನನ್ನ ಕಣ್ಣು ಟೋಪಿಯೊಳಗಿನ ನೀಲಿ ಬಟ್ಟೆಯ ಹಳದಿ ಚುಕ್ಕಿಗಳ ಮೇಲೆ ಬಿತ್ತು. ಅಲ್ಲಿಂದ ನನ್ನ ತೋಳಿನ ಮೇಲೆ ಬಿತ್ತು. ಆ ಸೀರೆ ಕೊಂಡಾಗ ಅದರ ಜತೆಗೇ ಬಂದಿದ್ದ ತುಂಡಿನಲ್ಲಿ ಹೊಲಿಸಿದ ಕುಪ್ಪಸವನ್ನೇ ನಾನು ಅವತ್ತು ತೊಟ್ಟಿದ್ದೆ. ಅದೇ ನೀಲಿ, ಅದೇ ಹಳದಿ ಚುಕ್ಕಿ. ಬಾಯಿ ಬಿಡಬೇಕಾದ ಹೊತ್ತಿನಲ್ಲಿ ನಾನು ಮಾಡಿದ ಕೆಲಸವೆಂದರೆ ಸೆರಗನ್ನು ಎರಡೂ ತೋಳು ಮುಚ್ಚುವಂತೆ ಹೊದ್ದುಕೊಂಡದ್ದು. ಬೇಸಿಗೆ. ಆಫೀಸರು, "ಯಾಕಮ್ಮ, ಚಳಿಯಾ?" ಎಂದು ಬೇರೆ ಕೇಳಿದರು.

ತಿಪ್ಪೇಶ ಕುತ್ತಿಗೆ ತಿರುಗಿಸುವ ಹಾಗಿರಲಿಲ್ಲ. ಕಣ್ಣುಗುಡ್ಡೆ ಮಾತ್ರ ಹೊರಳಿಸಿ ನನ್ನ ಕಡೆ ನೋಡಿದ. ಅವನಿಗೆ ಎಲ್ಲ ಕಂಡಿತು.

"ನಾನೇ ಸಾರ್," ಎಂದ. "ತಲಿಗೆ ಒತ್ತತಿತ್ತು. ಕಿತ್ತು, ಬಟ್ಟೆ ಇಟ್ಕಂಡೆ."

"ಹೊಲಿದೋರು ಯಾರಯ್ಯ?"

"ಅದೂ ನಾನೇ."

"ನಿನಗೆ ಹೊಲಿಗೆ ಬರ್ತದಾ?"

"ಬಂದಿದ್ರೆ ಹಿಂಗ್ಯಾಕಾಗ್ತಿತ್ತು ಸಾರ್," ಎಂದ.

ಆಫೀಸರಿಗೂ ನಗು ಬಂತು. ಆದರೆ ನಗುತ್ತಲೇ ಪುಸ್ತಕದಲ್ಲಿ ಬರೆದುಕೊಂಡರು. ಅವರದ್ದೇನೂ ತಪ್ಪಿಲ್ಲ, ಅದು ಅವರ ಕೆಲಸ. ಮುಂದಿನ ತಿಂಗಳು ತಿಪ್ಪೇಶನನ್ನು ಮೇಟ್ ಮಾಡುವುದಿತ್ತು. ಮೇಟ್ ಎಂದರೆ ಹತ್ತು ಹನ್ನೆರಡು ಆಳುಗಳನ್ನು ಕಾಯುವವನು. ತನ್ನ ತಲೆಯನ್ನೇ ಕಾಯದವನು ಹತ್ತು ಜನರನ್ನು ಏನು ಕಾಯುತ್ತಾನೆ ಎಂದು ಆ ಜಾಗ ಬೇರೆಯವರಿಗೆ ಹೋಯಿತು. ಆಮೇಲೆ ಒಂದು ವರ್ಷ ಅಲ್ಲೇ ಮಣ್ಣು ಬಾಚುವ ಕೆಲಸ ಮಾಡಿ, ಬಿಟ್ಟು ಬಂದ. ಅವನ ಕುತ್ತಿಗೆ ಅಂದಿನಿಂದ ಎಡಕ್ಕೆ ತಿರುಗುವುದಿಲ್ಲ.

ಈಗ ನೀವು ಕೇಳುತ್ತೀರಿ, ಮನೆಗೆ ಬಂದ ಮೇಲಾದರೂ ಹೇಳಬಹುದಿತ್ತಲ್ಲ ಎಂದು. ಹೇಳಬಹುದಿತ್ತು. ಅವ್ವ ಅವನನ್ನು ಆರು ತಿಂಗಳು ಬೈದಳು. "ಹೆತ್ತು ಹೊತ್ತು ನೆತ್ತಿ ಕಾಯ್ದು ದೊಡ್ಡೋನ ಮಾಡಿದ್ರೆ, ಇವನು ತಲೆ ಒಳಗೆ ಚಿಂದಿ ತುರುಕ್ಕಂಡನಂತೆ. ನಿಮ್ಮಕ್ಕನ ನೋಡಿ ಕಲಿ, ಎಷ್ಟು ಚೆಂದ ಸಿಂಬಿ ಮಾಡ್ತಾಳೆ!" ಎಂದಳು. ಆ ಮಾತು ಹೇಳುವಾಗ ನಾನು ಪಕ್ಕದಲ್ಲೇ ಕೂತು ಅವನ ಮುದ್ದೆಗೆ ಸಾರು ಬಿಡುತ್ತಿದ್ದೆ. ಸಾರು ತಟ್ಟೆ ದಾಟಿ ನೆಲಕ್ಕೆ ಹರಿಯಿತು. ತಿಪ್ಪೇಶ ತಲೆ ಬಗ್ಗಿಸಿಕೊಂಡು ಉಂಡ. ಬಗ್ಗಿಸುವುದಕ್ಕೆ ಮಾತ್ರ ಅವನ ಕುತ್ತಿಗೆ ಚೆನ್ನಾಗಿ ಬರುತ್ತಿತ್ತು.

ಬೀದಿಯವರಿಗೆ ಗೊತ್ತಿತ್ತು. ಊರೆಲ್ಲ ಡಂಗುರ ಹೊಡೆದವಳು ನಾನೇ ತಾನೆ? ಆದರೆ ಅವರು ಪಾಪ ಎಂದುಕೊಂಡು ನನ್ನ ಮುಂದೆ ಆ ಮಾತೇ ತೆಗೆಯಲಿಲ್ಲ. ಅವ್ವನ ಕಿವಿಗೂ ಹಾಕಲಿಲ್ಲ. ಸೀರೆ ಹುಡುಕುತ್ತಿದ್ದ ಇಬ್ಬರೂ ಸುಮ್ಮನಾದರು. ಮನೆಯವರು ಒಂದೇ ಒಂದು ಸಲ, "ಇಕ್ಕಳ ಹಿಡಿದೋನು ನಾನು, ನಂದೂ ಪಾಲೈತೆ. ಹೋಗಾಣ ನಡಿ, ಇಬ್ರೂ ಹೇಳ್ಬಿಡಾಣ" ಎಂದರು. ನಾಳೆ ಹೋಗಾಣ ಎಂದೆ. ಅವ್ವ ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಮಗ ದಡ್ಡ, ಮಗಳು ಜಾಣೆ ಎಂದು ನಂಬಿಕೊಂಡೇ ಹೋದಳು. ಆ ನಾಳೆ ಅವಳ ಪಾಲಿಗೆ ಬರಲಿಲ್ಲ.

ನಾನು ಪ್ರಯತ್ನ ಮಾಡಲಿಲ್ಲ ಎಂದಲ್ಲ. ಹಬ್ಬ ಹುಣ್ಣಿಮೆಗೆಲ್ಲ ಹೇಳಿಯೇಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು ತಮ್ಮನ ಮನೆಗೆ ಹೋಗುತ್ತಿದ್ದೆ. ಬರಿ ಕೈಯಲ್ಲಿ ಹೋಗುವುದು ಹೇಗೆ ಎಂದು ಶೇಂಗಾ ಹೋಳಿಗೆ ಮಾಡಿಕೊಂಡು ಹೋಗುತ್ತಿದ್ದೆ. ಅವನ ಮುಂದೆ ಕೂತು, "ತಿಪ್ಪ, ಒಂದು ಮಾತು..." ಎಂದು ಶುರು ಮಾಡಿದರೆ, ಬಾಯಿಂದ "ತುಪ್ಪ ಹಾಕ್ಲಾ?" ಎಂದು ಬರುತ್ತಿತ್ತು. ಅವನು ಹೂಂ ಎನ್ನುತ್ತಿದ್ದ. ಹೀಗೆ ನನ್ನ ಬಾಯಿಂದ ಬಾರದ ಮಾತೆಲ್ಲ ಹೋಳಿಗೆಯಾಗಿ, ಚಿಗಳಿಯಾಗಿ, ತಂಬಿಟ್ಟಾಗಿ ಅವನ ಹೊಟ್ಟೆಗೆ ಹೋಯಿತು. ಮದುವೆಯಲ್ಲಿ ಹೊಲಿಸಿದ ಅವನ ಅಂಗಿಗಳು ಯಾವುದೂ ಈಗ ಹಿಡಿಯುವುದಿಲ್ಲ. ಡಾಕ್ಟರು ಅವನಿಗೆ ಸಿಹಿ ಕಡಿಮೆ ಮಾಡು ಎಂದಿದ್ದಾರೆ. ಆ ತಪ್ಪೂ ನನ್ನ ಲೆಕ್ಕಕ್ಕೇ ಸೇರುತ್ತದೆ.

ಗಣಿ ಬಿಟ್ಟ ಮೇಲೆ ಅಲ್ಲಿ ಇಲ್ಲಿ ಕೆಲಸ ಮಾಡಿ, ಈಗ ಮೂರು ವರ್ಷದಿಂದ ತಿಪ್ಪೇಶ ಹಿರಿಯೂರು ಕಡೆಯ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವವರ ಸ್ಟೋರಿನಲ್ಲಿದ್ದಾನೆ. ಏನು ಕೆಲಸವೋ ಎಂದರೆ, "ಟೋಪಿ ಹಂಚೋದು ಅಕ್ಕ" ಎನ್ನುತ್ತಿದ್ದ. ಅಲ್ಲಿ ಸುತ್ತಮುತ್ತ ಕರೆಂಟಿನದ್ದೇ ಕೆಲಸವಾದ್ದರಿಂದ ಎಲ್ಲ ಪ್ಲಾಸ್ಟಿಕ್ ಟೋಪಿ. ಆಳುಗಳಿಗೆ ಮಧ್ಯಾಹ್ನದ ಊಟ ಒದಗಿಸುವ ಕೆಲಸ ಈಚೆಗೆ ನಮ್ಮ ಸಂಘಕ್ಕೆ ಸಿಕ್ಕಿತು. ಅಡುಗೆ ನನ್ನದು, ಗುಡ್ಡಕ್ಕೆ ಒಯ್ಯುವುದು ಬೇರೆಯವರದು ಎಂದು ನಾನೇ ನಡಾವಳಿಯಲ್ಲಿ ಬರೆದಿದ್ದೆ. ತಮ್ಮನ ಕೆಲಸದ ಜಾಗಕ್ಕೆ ಕಾಲಿಡಲು ನನಗೆ ಮುಖವಿರಲಿಲ್ಲ. ಕಳೆದ ಸೋಮವಾರ ಒಯ್ಯುವವಳಿಗೆ ಜ್ವರ ಬಂತು. ಚಿತ್ರಾನ್ನದ ಪಾತ್ರೆಯ ಜತೆ ಲಗೇಜ್ ಆಟೋ ಹತ್ತಿ ನಾನೇ ಹೋದೆ.

ಗೇಟಿನವನು ನನ್ನನ್ನು ನಿಲ್ಲಿಸಿ ತಲೆಗೆ ಒಂದು ಹಳದಿ ಟೋಪಿ ಇಟ್ಟ.

"ಹೊಸಬರಾ? ಮೊದಲು ಪಾಠ, ಆಮೇಲೆ ಊಟ. ಅಲ್ಲಿ ಶೆಡ್ಡಿನ ಹತ್ರ ನಿಂತ್ಕಳ್ರಿ. ಸೋಮವಾರ ಸೋಮವಾರ ಹೊಸಬರಿಗೆ ಪಾಠ ಐತೆ. ಒಳ್ಳೆ ನಗಿಸ್ತಾರೆ, ಕೇಳ್ರಿ."

ಶೆಡ್ಡಿನ ಕೆಳಗೆ ಇಪ್ಪತ್ತು ಜನ ಆಳುಗಳು ಕೂತಿದ್ದರು. ಎದುರಿಗೆ ತಿಪ್ಪೇಶ, ಕೈಯಲ್ಲಿ ಒಂದು ಟೋಪಿ ಅಂಗಾತ ಹಿಡಿದು ನಿಂತಿದ್ದ. ನಾನು ನಿಂತದ್ದು ಅವನ ಎಡಕ್ಕಿದ್ದ ಕಂಬದ ಪಕ್ಕ. ಅವನಿಗೆ ನಾನು ಕಾಣಲಿಲ್ಲ.

"ಈ ಪಟ್ಟಿ ಅವೆ ನೋಡ್ರಪ್ಪ, ಇವನ್ನ ಯಾವನೂ ಮುಟ್ಟಂಗಿಲ್ಲ," ಎನ್ನುತ್ತಿದ್ದ.  "ಹಿಂದೆ ಒಬ್ಬ ದಡ್ಡ ಇದ್ದ. ತಲಿಗೆ ಒತ್ತೈತೆ ಅಂತ ಪಟ್ಟಿ ಕಿತ್ತು ಬಿಸಾಕಿ, ಒಳಗೆ ಹಳೇ ಸೀರೆ ತುರುಕ್ಕಂಡ. ಮೇಲಿಂದ ಕಲ್ಲು ಬಿತ್ತು. ಆ ದಡ್ಡ ಈಗ ಎಡಕ್ಕೆ ನೋಡ್ಬೇಕಂದ್ರೆ ಲಾರಿ ರಿವರ್ಸ್ ತಗಂಡಂಗೆ ಇಡೀ ಮೈ ತಿರುಗಿಸ್ಬೇಕು. ಹಿಂಗೆ." ತಿರುಗುವ ಹಾಗೆ ಎರಡು ಹೆಜ್ಜೆ ಹಾಕಿ ತೋರಿಸಿ, ನನ್ನ ಕಡೆ ಬರುವ ಮೊದಲೇ ನಿಂತ. "ಯಾರು ಆ ದಡ್ಡ ಗೊತ್ತೇನು? ನಾನೇ."

ಎಲ್ಲರೂ ಗೊಳ್ಳೆಂದು ನಕ್ಕರು. ಹಿಂದಿನಿಂದ ಒಬ್ಬ, "ಸೀರೆ ಯಾರದಣ್ಣ?" ಎಂದು ಕೂಗಿದ. ಮತ್ತೂ ನಗು.

ತಿಪ್ಪೇಶ ಟೋಪಿಯ ಪಟ್ಟಿಯನ್ನು ಬೆರಳಿನಿಂದ ಜಗ್ಗಿ ನೋಡಿದ.

"ಯಾರದಾದ್ರೇನಲೇ? ತಲೆ ನಂದಲ್ವಾ. ಈಗ ಎಲ್ರೂ ಎದ್ದು ನಿಂತು ಹೇಳ್ರಿ, ತಿಪ್ಪೇಶನಂಗೆ ದಡ್ಡ ಆಗಲ್ಲ ಅಂತ."

ಇಪ್ಪತ್ತು ಜನ ಎದ್ದು ನಿಂತು, ಶಾಲೆಯ ಮಕ್ಕಳ ಹಾಗೆ, "ತಿಪ್ಪೇಶಣ್ಣನಂಗೆ ದಡ್ಡ ಆಗಲ್ಲ!" ಎಂದು ಕೂಗಿದರು. ಗುಡ್ಡದಲ್ಲಿ ಆ ದನಿ ಎರಡು ಸಲ ಕೇಳಿಸಿತು. ನಾನು ಲೆಕ್ಕ ಹಾಕಿದೆ. ಮೂರು ವರ್ಷ, ಸೋಮವಾರ ಸೋಮವಾರ. ಎಷ್ಟಾಯಿತು ಎಂದು ತಿಳಿಯಲಿಲ್ಲ, ನನಗೆ ಬರುವುದು ಐದರ ಮಗ್ಗಿಯವರೆಗೆ ಮಾತ್ರ.

"ಸೀರೆ ನಂದು," ಎಂದೆ.

ತಿಪ್ಪೇಶ ಇಡೀ ಮೈ ತಿರುಗಿಸಿ ನೋಡಿದ. ಈ ಸಲ ಯಾರೂ ನಗಲಿಲ್ಲ.

"ಅಕ್ಕ! ನೀನ್ಯಾವಾಗ ಬಂದೆ?"

"ನೀನು ದಡ್ಡ ಅನ್ನೋ ಹೊತ್ತಿಗೆ."

"ಸುಮ್ಕಿರಕ್ಕ, ಕೆಲಸದ ಜಾಗ ಇದು. ಹೋಗು, ಚಿತ್ರಾನ್ನ ಆರ್ತೈತೆ."

"ಆರ್ಲಿ ಬಿಡು. ಹನ್ನೆರಡು ವರ್ಷ ಸುಮ್ಕಿದ್ದೆನಲ್ಲ, ಸಾಕು." ಆಳುಗಳ ಕಡೆ ತಿರುಗಿದೆ. ತಲೆಯ ಮೇಲಿನ ಟೋಪಿ ಹಣೆಗೆ ಜಾರುತ್ತಿತ್ತು. "ಕೇಳ್ರಪ್ಪ. ಪಟ್ಟಿ ಕೀಳಿಸಿದ್ದು ಇವನಲ್ಲ, ನಾನು. ಸಿಂಬಿ ಹೊಲಿದಿದ್ದು ನಾನು. ಇವನು ಅಕ್ಕನ ಮಾತು ನಂಬಿ ಹಾಕ್ಕಂಡ. ಆಸ್ಪತ್ರೇಲಿ ಯಾರು ಅಂತ ಕೇಳಿದಾಗ ನಾನು ಸೆರಗು ಹೊದ್ಕಂಡು ನಿಂತೆ, ಇವನು ತನ್ನ ಮೇಲೆ ಹಾಕ್ಕಂಡ. ಇನ್ಮೇಲೆ ನೀವು ಹೇಳೋದಾದ್ರೆ, ತಿಪ್ಪೇಶನ ಅಕ್ಕನಂಗೆ ದಡ್ಡ ಆಗಲ್ಲ ಅಂತ ಹೇಳ್ರಿ."

ತಿಪ್ಪೇಶ ಏನೋ ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ.

"ತಿಪ್ಪ, ತಪ್ಪಾತು ಕಣೋ. ನಿನ್ನ ತಲೆ ಒಡೆದಿದ್ದು ತಿಳೀದೆ ಮಾಡಿದ್ದು. ನಿನ್ನ ದಡ್ಡ ಅನ್ನಿಸಿ ನಾನು ಜಾಣೆ ಆಗಿ ಉಳಕಂಡೆನಲ್ಲ, ಅದು ತಿಳಿದೇ ಮಾಡಿದ್ದು. ಅವ್ವನ ಮುಂದೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ನನ್ನ ಕ್ಷಮಿಸಪ್ಪ."